ನಾಲ್ಕು ಗ್ಲಾಸು, ಒಂದು ಕೋಣೆ

ನನ್ನ ಗಂಡ ಕುಡುಕನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಗಾಬರಿಯಾಗಬೇಡಿ, ಪೂರ್ತಿ ಕೇಳಿ. ಕುಡುಕ ಕುಡಿಯುತ್ತಾನೆ, ಮಲಗುತ್ತಾನೆ. ಬಾಟಲಿ ಖಾಲಿಯಾಗುತ್ತದೆ, ಹಳೇ ಸಾಮಾನಿನವನಿಗೆ ಹಾಕಿ ಕೈ ತೊಳೆದುಕೊಳ್ಳಬಹುದು. ನನ್ನ ಗಂಡ ಕುಡಿಯುವುದಿಲ್ಲ, ಆಸ್ವಾದಿಸುತ್ತಾರೆ. ಒಂದು ಟೀ ಚಮಚದಷ್ಟು ಗ್ಲಾಸಿಗೆ ಸುರಿದು, ದೀಪಕ್ಕೆ ಹಿಡಿದು, ಓಲಾಡಿಸಿ, ಮೂಸಿ, ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟು, ನಾಲಿಗೆಗೆ ತಗುಲಿಸಿ, ಮತ್ತೆ ಕಣ್ಣು ಮುಚ್ಚಿ, ಡೈರಿಯಲ್ಲಿ ಬರೆದು ಮುಗಿಸುವ ಹೊತ್ತಿಗೆ ಒಂದೂವರೆ ಗಂಟೆ. ಅಷ್ಟಾದರೂ ಬಾಟಲಿಯ ಮಟ್ಟ ಕೂದಲೆಳೆಯಷ್ಟೂ ಇಳಿದಿರುವುದಿಲ್ಲ. ಹೀಗಾಗಿ ನಮ್ಮ ಮನೆಗೆ ಬಂದ ಬಾಟಲಿ ಹೊರಗೆ ಹೋದ ಇತಿಹಾಸವೇ ಇಲ್ಲ.

ಮೊದಲು ನಮ್ಮಿಬ್ಬರ ಕಸುಬು ಹೇಳಿಬಿಡುತ್ತೇನೆ. ಇವರದು ಕನ್ನಡಕದ ಅಂಗಡಿ. ಹದಿನೆಂಟು ವರ್ಷದಿಂದ ಊರವರ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತ, "ಇದು ವಾಸಿಯೋ, ಅದು ವಾಸಿಯೋ?" ಎಂದು ಕೇಳುವುದೇ ಇವರ ಕೆಲಸ. ನನ್ನದು ಲಾಂಡ್ರಿ. ಲಾಂಡ್ರಿಗೆ ಬಟ್ಟೆ ತಂದವರು ಎಂದೂ ನಿಜ ಹೇಳುವುದಿಲ್ಲ. "ಬರೀ ಧೂಳು ಮೇಡಂ" ಅನ್ನುತ್ತಾರೆ. ಮೂಸಿ ನೋಡಿದರೆ ಡೀಸೆಲ್. "ಟೀ ಚೆಲ್ಲಿದೆ" ಅನ್ನುತ್ತಾರೆ. ಅದು ಟೀ ಅಲ್ಲ, ಕೆಮ್ಮಿನ ಔಷಧಿ. ಒಂದೊಂದು ಕಲೆಗೂ ಬೇರೆ ಬೇರೆ ಉಪಚಾರವಾದ್ದರಿಂದ ಕೌಂಟರಿನ ಮೇಲೆ ಬಿದ್ದ ಪ್ರತಿ ಬಟ್ಟೆಯನ್ನೂ ಮೊದಲು ಮೂಸುತ್ತೇನೆ, ಆಮೇಲೆ ನಂಬರ್ ಚೀಟಿ ಕಟ್ಟುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಅಂಗಿ ಇನ್ನೊಬ್ಬರಿಗೆ ಹೋಗಿಲ್ಲ. (ಒಮ್ಮೆ ಒಂದು ಜೊತೆ ಕಾಲುಚೀಲ ಹೋಗಿತ್ತು. ಅವರ ಮನೆವರೆಗೂ ಹೋಗಿ, ಕಾಲಿನಿಂದ ಬಿಚ್ಚಿಸಿಕೊಂಡು ಬಂದೆ.)

ಇವರಿಗೆ ಈ ರೋಗ ಅಂಟಿಸಿದ್ದು ಹಲ್ಲಿನ ಡಾಕ್ಟರು. ಇವರ ಅಂಗಡಿಯ ಮೇಲಿನ ಮಹಡಿಯಲ್ಲೇ ಅವರ ಕ್ಲಿನಿಕ್. ಹಲ್ಲು ಕೀಳಿಸಿಕೊಂಡು ಸಂತೋಷಪಟ್ಟ ಯಾರೋ ಮಹಾನುಭಾವ ವಿದೇಶದಿಂದ ಬರುವಾಗ ಅವರಿಗೊಂದು ಸ್ಕಾಚ್ ಬಾಟಲಿ ತಂದುಕೊಟ್ಟನಂತೆ. ಡಾಕ್ಟರು ಅದನ್ನು ಒಬ್ಬರೇ ಮುಗಿಸಿದ್ದರೆ ಜಗತ್ತಿಗೆ ಯಾವ ನಷ್ಟವೂ ಇರಲಿಲ್ಲ. ಇವರನ್ನು ಮೇಲಕ್ಕೆ ಕರೆದರು. ಆ ಸಂಜೆ ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಕುಳಿತು, ಕಣ್ಣು ಮುಚ್ಚಿ, "ಹೊಗೆ... ಆಹಾ, ಹೊಗೆ..." ಎಂದರು. ನಾನು ಎದ್ದುಬಿದ್ದು ಅಡುಗೆಮನೆಗೆ ಓಡಿ ಒಲೆ ಆರಿಸಿದೆ. ಅತ್ತೆ ಕಿಟಕಿಗಳನ್ನೆಲ್ಲ ತೆರೆದರು.

"ಅಲ್ಲ ಕಣೇ, ನಾಲಿಗೆ ಮೇಲೆ ಹೊಗೆ. ಹೊಗೆ ಹಿಂದೆ ಸಮುದ್ರ. ಸಮುದ್ರದ ಹಿಂದೆ ಚೂರು ಜೇನು."

"ಚಪ್ಪಲಿ ಹಿಂದೆ ಚೂರು ಕೆಸರಿದೆ. ಬಿಚ್ಚಿ" ಎಂದೆ.

ಅಲ್ಲಿಂದ ಶುರುವಾಯಿತು ನೋಡಿ ಅಧ್ಯಯನ. ಕನ್ನಡಕದ ಅಂಗಡಿಯವರಿಗೆ ಒಂದು ವಿಷಯ ಕಣ್ಣಿಗೆ ಬಿದ್ದರೆ ಅದರ ನಂಬರ್ ಕಂಡುಹಿಡಿಯುವವರೆಗೆ ಸಮಾಧಾನವಿಲ್ಲ. ಊಟದ ಹೊತ್ತಿನಲ್ಲಿ ಉಪನ್ಯಾಸ. ಸಿಂಗಲ್ ಮಾಲ್ಟ್ ಅಂದರೆ ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಇಳಿಸಿದ್ದಂತೆ. ಇಳಿಸಿದ್ದನ್ನು ಓಕ್ ಮರದ ಪೀಪಾಯಿಯಲ್ಲಿ ಹಾಕಿ ಹನ್ನೆರಡು ವರ್ಷ, ಹದಿನೆಂಟು ವರ್ಷ, ತಂಪಾದ ಕತ್ತಲೆಯಲ್ಲಿ ಮಲಗಿಸುತ್ತಾರಂತೆ. ಯಾರೂ ಎಬ್ಬಿಸುವುದಿಲ್ಲವಂತೆ. ಇದನ್ನು ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ಬಾರ್ಲಿ ನೀರಿಗೆ ಹನ್ನೆರಡು ವರ್ಷದ ವಿಶ್ರಾಂತಿ, ನನಗೆ ಒಂದು ಮಧ್ಯಾಹ್ನ ಇಲ್ಲ!

ಬಾಟಲಿಗಳೋ ಒಂದಾದ ಮೇಲೊಂದು ಬರತೊಡಗಿದವು. ಅರ್ಧದಷ್ಟರ ಹೆಸರು 'ಗ್ಲೆನ್' ಎಂದು ಶುರುವಾಗುತ್ತಿತ್ತು. ಗ್ಲೆನ್ ಅಂದರೆ ಆ ಸ್ಕಾಚಿನವರ ಭಾಷೆಯಲ್ಲಿ ಕಣಿವೆಯಂತೆ. (ಅಷ್ಟೊಂದು ಕಣಿವೆಗಳಿರುವ ದೇಶದಲ್ಲಿ ಆ ಹಲ್ಲಿನ ಡಾಕ್ಟರ ರೋಗಿ ಒಂದರಲ್ಲಾದರೂ ಜಾರಿ ಬೀಳಬಾರದಿತ್ತೆ?) ಉಳಿದರ್ಧದ ಹೆಸರನ್ನು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡವರು ಮಾತ್ರ ಉಚ್ಚರಿಸಬಲ್ಲರು. ಧೂಳು ಒರೆಸುವವಳು ನಾನಾದ್ದರಿಂದ ನಾನೇ ನಾಮಕರಣ ಮಾಡಿದೆ. ಹೊಗೆ, ಅಯೋಡಿನ್, ಬ್ಯಾಂಡೇಜ್ ಬಟ್ಟೆ ವಾಸನೆ ಬರುವುದು 'ಆಸ್ಪತ್ರೆ'. ಹಸಿರು ಬಾಟಲಿಯದು 'ಸೇಬು'. ಒಣದ್ರಾಕ್ಷಿ ಡಬ್ಬ ತೆರೆದಂತಿರುವುದು 'ದ್ರಾಕ್ಷಿ'. ಹೊಸ ಬೀರುವಿನ ಬಾಗಿಲು ತೆಗೆದಾಗ ಬರುವ ಮರದ ಸಿಹಿ ವಾಸನೆಯದು 'ಬಡಗಿ'. ಇವರಿಗೆ ಈ ಹೆಸರುಗಳು ಅವಮಾನಕರ ಅನ್ನಿಸಿದವು. ಆದರೆ ಅತ್ತೆಗೆ ಬಹಳ ಅನುಕೂಲವಾಯಿತು.

ಈಗ ಮುಖ್ಯ ವಿಷಯ, ನನ್ನ ಕೋಣೆ.

ನಮ್ಮ ಮನೆಯ ಹಿಂಭಾಗದಲ್ಲಿ ಒಂದು ಸಣ್ಣ ಕೋಣೆ ಇದೆ. ಒಂದು ಕಿಟಕಿ, ಅದರಾಚೆ ಪಕ್ಕದ ಮನೆಯ ಗೋಡೆ. ಮೊದಲು ಅದು ಮಾವನವರ ಹಳೇ ಪೇಪರುಗಳ ರಾಜಧಾನಿಯಾಗಿತ್ತು. ಆಮೇಲೆ ಮಗಳ ಓದುವ ಕೋಣೆಯಾಯಿತು. ಮಗಳು ಮದುವೆಯಾಗಿ ಹೋದ ದಿನ ಇವರೇ ನನ್ನ ಕೈ ಹಿಡಿದು, "ಇನ್ಮೇಲೆ ಆ ಕೋಣೆ ನಿನ್ನದು" ಎಂದು ಮಾತು ಕೊಟ್ಟಿದ್ದರು. ನನಗೇನೂ ದೊಡ್ಡ ಆಸೆಯಿರಲಿಲ್ಲ. ಒಂದು ಒರಗು ಕುರ್ಚಿ, ಕಿಟಕಿಗೊಂದು ದಪ್ಪ ಪರದೆ, ಬಾಗಿಲಿಗೆ ಒಳಗಿನಿಂದ ಚಿಲಕ. ಬೆಳಗ್ಗೆ ಆರರಿಂದ ಲಾಂಡ್ರಿಯ ಹಬೆಯಲ್ಲಿ 'ಮೇಡಂ ಮೇಡಂ', ಮನೆಗೆ ಬಂದರೆ ಅತ್ತೆಯ 'ಏನಮ್ಮಾ', ಇವರ 'ಏನೇ'. ದಿನಕ್ಕೆ ಒಂದೇ ಒಂದು ಗಂಟೆ ಯಾರೂ ನನ್ನನ್ನು ಏನೂ ಅನ್ನದೆ ಇರುವ ಒಂದು ಜಾಗ ಬೇಕಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಪರದೆ ಹೊಲಿಸಿ ತಂದು ಹಾಕಿಯೂ ಆಗಿತ್ತು.

ಒಂದು ಸೋಮವಾರ ಲಾಂಡ್ರಿಯಿಂದ ಬಂದು ನೋಡುತ್ತೇನೆ, ಕೋಣೆಯ ತುಂಬ ಮರದ ಶೆಲ್ಫು. ಶೆಲ್ಫಿನ ಮೇಲೆ ಹನ್ನೊಂದು ಬಾಟಲಿ, ಎಲ್ಲ ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿವೆ.

"ಇದೇನ್ರೀ ಇದು?"

"ಬಿಸಿಲು ತಾಗಬಾರದು ಕಣೇ. ಸೆಖೆ ಆಗಬಾರದು. ಅಡ್ಡ ಮಲಗಿಸಬಾರದು. ಇಡೀ ಮನೇಲಿ ಇದೊಂದೇ ಕೋಣೆ ತಂಪು. ಅದರ ಮೇಲೆ ನೀನು ಹಾಕಿರೋ ಪರದೆ ಇದೆಯಲ್ಲ, ಅದ್ಭುತ!"

ನನ್ನ ನಿದ್ದೆಗೆಂದು ತಂದ ಪರದೆಯ ಹಿಂದೆ ಹನ್ನೊಂದು ಬಾಟಲಿ ನಿದ್ದೆ ಮಾಡುತ್ತಿದ್ದವು. ಅಳು ಬಂತು, ನಿಜವಾಗಿಯೂ ಬಂತು. ಆದರೆ ಅಷ್ಟರಲ್ಲಿ ಕುಕ್ಕರ್ ಕೂಗಿದ್ದರಿಂದ ಹೋಗಿ ಅದನ್ನು ಇಳಿಸಿದೆ.

ಕೋಣೆ ಹೋಯಿತು, ಸಂಜೆಗಳೂ ಹೋದವು. ಪ್ರತಿದಿನ ಏಳು ಗಂಟೆಗೆ ಎರಡು ಗ್ಲಾಸು ಎದುರಿಗಿಟ್ಟುಕೊಂಡು ಇವರ ಹೋಲಿಕೆ ಶುರು. ನೀರಿನ ಒಂದು ಹನಿ ಹಾಕಿದರೆ ಪರಿಮಳ ಅರಳುತ್ತದಂತೆ. ಆ ಒಂದು ಹನಿಗಾಗಿ ಕಣ್ಣಿಗೆ ಔಷಧಿ ಬಿಡುವ ಡ್ರಾಪರ್ ಅಂಗಡಿಯಿಂದ ಬಂತು. ಪರಿಮಳ ಹಾರಿಹೋಗಬಾರದೆಂದು ಗ್ಲಾಸಿನ ಮೇಲೆ ಮುಚ್ಚಲು ಇನ್ನೂ ಕತ್ತರಿಸದ ದುಂಡನೆಯ ಕನ್ನಡಕದ ಗಾಜುಗಳು ಬಂದವು. ಪಾಪ, ಯಾರಿಗೋ ಸೇರಬೇಕಾದ ಗಾಜುಗಳು.

"ಲೇ, ಸ್ವಲ್ಪ ಬಾ ಇಲ್ಲಿ. ಇದು ವಾಸಿಯೋ, ಅದು ವಾಸಿಯೋ?"

"ಎರಡೂ ಎತ್ತಿ ಹೊರಗಿಟ್ಟರೆ ವಾಸಿ."

"ಸರಿಯಾಗಿ ಮೂಸು. ಇದರಲ್ಲಿ ಹಳೇ ಚರ್ಮದ ಕುರ್ಚಿ. ಮಳೇಲಿ ನೆನೆದ ಹಗ್ಗ. ದೂರದಲ್ಲಿ... ಅಜ್ಜನ ಕೋಟು."

"ನಿಮ್ಮಜ್ಜನಿಗೆ ಕೋಟೇ ಇರಲಿಲ್ಲವಲ್ಲೋ" ಎಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ.

ಈ ಸಾರ್ವಭೌಮ ರಸಿಕರ ಮೂಗಿನ ಪ್ರತಾಪ ಎಂಥದ್ದು ಅಂತ ನನಗೆ ಗೊತ್ತು. ಪಕ್ಕದಲ್ಲೇ ಹಾಲು ಉಕ್ಕಿ ಸೀದು ಕರಿಯಾಗುತ್ತಿದ್ದರೂ ಇವರಿಗೆ ತಿಳಿಯುವುದಿಲ್ಲ. ಒಂದು ದಿನ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಇವರದೇ ಪ್ಯಾಂಟು ಹೊಗೆಯಾಡುತ್ತಿದ್ದಾಗ, "ಇವತ್ತು ಹೊಗೆಯ ಅಂಶ ಬಹಳ ಸೊಗಸಾಗಿ ಬರ್ತಿದೆ" ಎಂದು ಡೈರಿಯಲ್ಲಿ ಬರೆದವರು ಇವರು. ಹತ್ತಕ್ಕೆ ಒಂಬತ್ತು ಅಂಕ ಬೇರೆ ಕೊಟ್ಟಿದ್ದರು, ಪ್ಯಾಂಟಿಗೆ.

ಪ್ಯಾಂಟು ಸುಟ್ಟ ಆ ದಿನವೇ ನನಗೆ ಉಪಾಯ ಹೊಳೆದದ್ದು.

"ರೀ, ನಾಲ್ಕು ಬಾಟಲಿಯಿಂದ ನಾಲ್ಕು ಗ್ಲಾಸಿಗೆ ನಾನು ಸುರಿದಿಡ್ತೀನಿ. ಯಾವುದು ಯಾವುದು ಅಂತ ಹೇಳಿಬಿಡಿ. ನಾಲ್ಕೂ ಸರಿಯಾದ್ರೆ ಕೋಣೆ ನಿಮ್ಮ ಬಾಟಲಿಗಳಿಗೆ. ಈ ಜನ್ಮದಲ್ಲಿ ನಾನು ಅದರ ಸುದ್ದಿ ಎತ್ತಲ್ಲ. ತಪ್ಪಾದ್ರೆ ಅವತ್ತೇ ಶೆಲ್ಫು ಹೊರಗೆ, ಕೋಣೆ ನನಗೆ."

ಇವರು ನಕ್ಕರು. ನಗುವಾಗ ಕನ್ನಡಕ ತೆಗೆದು ಒರೆಸಿಕೊಂಡರು. "ಕುಡಿದು ಹೇಳೋದು ಯಾರು ಬೇಕಾದ್ರೂ ಹೇಳ್ತಾರೆ. ನಾನು ನಾಲಿಗೆಗೂ ತಗುಲಿಸಲ್ಲ. ಬರೀ ಮೂಗಿನಲ್ಲೇ ಹೇಳ್ತೀನಿ. ಬಣ್ಣ ನೋಡಿ ಹೇಳಿದ ಅನ್ನಬಾರದು ನೀನು, ಕಣ್ಣಿಗೆ ಕಪ್ಪು ಕನ್ನಡಕ ಹಾಕ್ಕೋತೀನಿ."

"ಮಧ್ಯಸ್ಥಿಕೆ ನಂದು. ಒಂದೊಂದರಿಂದ ಒಂದೊಂದು ಚಮಚ ನನಗೆ. ಕೆಮ್ಮಿಗೆ" ಎಂದರು ಅತ್ತೆ.

ಅತ್ತೆಗೆ ಕೆಮ್ಮು ಇರಲಿಲ್ಲ. ಆದರೂ ಒಪ್ಪಿಕೊಂಡೆವು.

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಮುಹೂರ್ತ. ಇವರ ಕಡೆಯ ಸಾಕ್ಷಿಯಾಗಿ ಹಲ್ಲಿನ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. (ಇಸ್ತ್ರಿ ನಮ್ಮದೇ. ಅಂಗಿ ನಂಬರ್ ನಾನೂರ ಹನ್ನೆರಡು.) ಇವರು ಬೆಳಗಿನಿಂದಲೇ ಆ ನಾಲ್ಕು ಗ್ಲಾಸುಗಳನ್ನು ಒರೆಸುತ್ತ ಕುಳಿತಿದ್ದರು. ಮಹಾಪರೀಕ್ಷೆಗೆ ಗ್ಲಾಸು ಮಿಣಮಿಣ ಹೊಳೆಯಬೇಕಲ್ಲ! ಅಂಗಡಿಯಲ್ಲಿ ಕನ್ನಡಕದ ಗಾಜು ಒರೆಸುವ ಸ್ಪಿರಿಟ್ಟಿನ ನೀರು ತಂದು, ಚಿಮುಕಿಸಿ, ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಇಟ್ಟಿದ್ದರು. ಅಡುಗೆಮನೆಯಲ್ಲಿ ನಾನು ಸುರಿಯಲು ಗ್ಲಾಸು ಎತ್ತಿಕೊಂಡಾಗಲೇ ಘಮ್ಮೆಂದು ಆ ನೀರಿನ ವಾಸನೆ ಮೂಗಿಗೆ ಬಡಿಯಿತು. ನಾಲ್ಕೂ ಗ್ಲಾಸು ನಾಲ್ಕು ಆಸ್ಪತ್ರೆ. ನಾನು ಏನೂ ಅನ್ನಲಿಲ್ಲ. (ಇದು ನ್ಯಾಯವೇ ಅಂತ ನನ್ನನ್ನು ಕೇಳಬೇಡಿ. ಒರೆಸಿದ್ದು ನಾನಲ್ಲ.)

ಸುರಿದೆ. ಪ್ರತಿ ಗ್ಲಾಸಿನ ಕಾಲಿಗೆ ಲಾಂಡ್ರಿಯ ನಂಬರ್ ಚೀಟಿ ಕಟ್ಟಿದೆ. ಒಂದು ದ್ರಾಕ್ಷಿ, ಎರಡು ಆಸ್ಪತ್ರೆ, ಮೂರು ಸೇಬು, ನಾಲ್ಕು ಬಡಗಿ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಅತ್ತೆ ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಹೋದರು.

ಇವರು ನಡುಮನೆಯಲ್ಲಿ ಕಣ್ಣಿನ ಆಪರೇಷನ್ ಆದವರಿಗೆ ಕೊಡುವ ಆ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ಮೊದಲ ಗ್ಲಾಸು ಎತ್ತಿದರು. ಮೂಸಿದರು. ಹುಬ್ಬು ಗಂಟಾಯಿತು. ಎರಡನೆಯದು. ಮತ್ತೆ ಮೊದಲನೆಯದು. ಮೂರನೆಯದು. ಹಣೆಯ ಮೇಲೆ ಬೆವರು. ಡಾಕ್ಟರು ಬಗ್ಗಿ, "ಅವಸರ ಬೇಡ, ಅವಸರ ಬೇಡ" ಎಂದು ಪಿಸುಗುಟ್ಟಿದರು. ಹಲ್ಲು ಕೀಳುವಾಗಲೂ ಹೀಗೆಯೇ ಹೇಳುತ್ತಾರೆ. ಇಪ್ಪತ್ತು ನಿಮಿಷದ ಮೇಲೆ ತೀರ್ಪು ಬಂತು. ಒಂದು ಆಸ್ಪತ್ರೆ. ಎರಡು ಬಡಗಿ. ಮೂರು ದ್ರಾಕ್ಷಿ. ನಾಲ್ಕು ಸೇಬು.

ನಾನು ಪುಸ್ತಕ ತೆರೆದು ಓದಿದೆ. ನಾಲ್ಕಕ್ಕೆ ನಾಲ್ಕೂ ತಪ್ಪು.

ಗೆದ್ದೆ! ಎದೆಯೊಳಗೆ ಒರಗು ಕುರ್ಚಿಯೊಂದು ಬಂದು ಕೂತಂತಾಯಿತು. ಕನ್ನಡಕ ತೆಗೆದ ಇವರ ಮುಖ ನೋಡಿ ಅಯ್ಯೋ ಅನ್ನಿಸಿತು ಎನ್ನುವುದೂ ನಿಜ. ಹನ್ನೊಂದು ಬಾಟಲಿಯ ಪಾಂಡಿತ್ಯ ಇಪ್ಪತ್ತು ನಿಮಿಷದಲ್ಲಿ ನೆಲಕಚ್ಚಿತ್ತು. ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಹಲ್ಲಿನ ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಒಂದೋ ಎರಡೋ ತಪ್ಪಾದ್ರೆ ಸರಿ. ನಾಲ್ಕಕ್ಕೆ ನಾಲ್ಕೂ ಅಂದ್ರೆ... ಚೀಟಿ ಏನಾದ್ರೂ ಅದಲುಬದಲಾಯ್ತೇನೋ ಅಂತ."

"ನನ್ನ ಚೀಟಿಯೇ? ಅದಲುಬದಲೇ?"

ಆಗ ಅತ್ತೆ ಬಾಯಿಬಿಟ್ಟರು. "ದಾರ ಉದ್ದ ಇತ್ತಮ್ಮಾ. ಒಂದರದು ಇನ್ನೊಂದಕ್ಕೆ ಸಿಕ್ಕಿಕೊಳ್ತಿತ್ತು. ನಾನೇ ನಾಲ್ಕೂ ಬಿಚ್ಚಿ, ಗಿಡ್ಡ ಮಾಡಿ, ಮತ್ತೆ ಕಟ್ಟಿದೆ."

"ಅದದೇ ಗ್ಲಾಸಿಗೆ ತಾನೇ ಅತ್ತೇ?"

"ಅದದಕ್ಕೇ ಇರಬೇಕು."

ಇರಬೇಕು! ಡಾಕ್ಟರು ಎರಡೂ ಕೈ ಮೇಲೆತ್ತಿದರು. "ಹಾಗಿದ್ರೆ ಈ ಪರೀಕ್ಷೆ ರದ್ದು. ಗ್ಲಾಸು ತೊಳೆದು ಇನ್ನೊಂದು ಸಲ ಮಾಡೋಣ."

ಇಲ್ಲಿ ನೀವು ನನ್ನ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಸುಮ್ಮನೆ ತಲೆಯಾಡಿಸಿ, ಇನ್ನೊಮ್ಮೆ ಸುರಿದು, ಕೂತು ನೋಡುತ್ತಿದ್ದಿರಿ. ಸೋಪಿನಲ್ಲಿ ತೊಳೆದ ಗ್ಲಾಸಾದರೂ ಇವರು ಸೋಲುತ್ತಿದ್ದರು; ಸುಟ್ಟ ಪ್ಯಾಂಟಿಗೆ ಒಂಬತ್ತು ಅಂಕ ಕೊಟ್ಟ ಮೂಗು ಅದು. ಇಷ್ಟೆಲ್ಲ ನನಗೂ ಗೊತ್ತಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ, ನಂಬರ್ ನಾನೂರ ಹನ್ನೆರಡರ ಅಂಗಿ ತೊಟ್ಟು, ನನ್ನದೇ ಮನೆಯಲ್ಲಿ ಕುಳಿತು, ನನ್ನ ಚೀಟಿ ತಪ್ಪಿದೆ ಎಂದಿದ್ದ. ಸಿಟ್ಟು ನೆತ್ತಿಗೇರಿತು.

"ಕೊಡಿ ಆ ಕನ್ನಡಕ" ಎಂದೆ.

ಕಪ್ಪು ಕನ್ನಡಕ ಹಾಕಿಕೊಂಡು ಕುಳಿತೆ. ಅತ್ತೆ ಒಂದೊಂದೇ ಗ್ಲಾಸು ಕೈಗಿಟ್ಟರು.

"ಇದು ಮೊದಲು ನಿಮ್ಮ ಅಂಗಡಿಯ ಗಾಜು ಒರೆಸೋ ನೀರು. ನಾಲ್ಕಕ್ಕೂ ಮೆತ್ತಿದ್ದೀರಿ, ಆ ನೀರು ಮೂಸಿ ಮೂಸಿ ನಿಮ್ಮ ಮೂಗು ಎಂದೋ ಸತ್ತುಹೋಗಿದೆ. ಅದರ ಕೆಳಗೆ ಒಣದ್ರಾಕ್ಷಿ, ಆಮೇಲೆ ಅಕ್ರೋಟು. ಇದು ದ್ರಾಕ್ಷಿ. ನಂಬರ್ ಎಷ್ಟಿದೆ ಅತ್ತೆ?"

"ಒಂದು."

"ಪುಸ್ತಕದಲ್ಲೂ ಒಂದು. ಮುಂದಿನದು. ಇದಕ್ಕೆ ಮೂಗೂ ಬೇಕಾಗಿಲ್ಲ. ಮೀನು ಹಿಡಿಯೋರ ಸ್ವೆಟರ್ ಒದ್ದೆಯಾಗಿ ಒಲೆ ಪಕ್ಕ ಒಣಗಿಸಿದ ಹಾಗಿದೆ. ಆಸ್ಪತ್ರೆ."

"ಎರಡು."

ಮೂರೂ ಸರಿ, ನಾಲ್ಕೂ ಸರಿ. ಚೀಟಿ ಒಂದೂ ಅತ್ತಿತ್ತ ಆಗಿರಲಿಲ್ಲ. ಅತ್ತೆಯ ಕೈ ನನ್ನ ಕೈಯಷ್ಟೇ ಖಚಿತ. ಕನ್ನಡಕ ತೆಗೆಯಲು ಹೋದೆ; ಡಾಕ್ಟರು "ಒಂದು ನಿಮಿಷ ಅತ್ತಿಗೆ" ಎಂದು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಬಂದು ಒಂದು ಗ್ಲಾಸು ಕೈಗಿಟ್ಟರು.

ಮೂಸಿದೆ. "ಎರಡನ್ನ ಬೆರೆಸಿದ್ದೀರಿ. ಮೇಲೆ ಸೇಬು, ಕೆಳಗೆ ಆಸ್ಪತ್ರೆ, ಆದರೆ ಆಸ್ಪತ್ರೆ ಕಡಿಮೆ, ಮೂರು ಪಾಲಿಗೆ ಒಂದು. ಗ್ಲಾಸಿನ ಹೊರಗಡೆ ಲವಂಗದ ಎಣ್ಣೆ. ಇವತ್ತು ಭಾನುವಾರ ಆದ್ರೂ ಬೆಳಗ್ಗೆ ಯಾರದೋ ಹಲ್ಲು ನೋಡಿ ಬಂದಿದ್ದೀರಿ ಡಾಕ್ಟ್ರೇ, ಕೈ ಸರಿಯಾಗಿ ತೊಳೆದಿಲ್ಲ."

ಕನ್ನಡಕ ತೆಗೆದು ನೋಡಿದೆ. ಡಾಕ್ಟರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದರು. ಅತ್ತೆ ನಾಲ್ಕನೇ ಚಮಚ ಮುಗಿಸುತ್ತಿದ್ದರು. ಇವರ ಕಣ್ಣಲ್ಲಿ ನೀರು. ಸೋತ ದುಃಖವಿರಬೇಕು ಎಂದುಕೊಂಡು ಸಮಾಧಾನ ಹೇಳಲು ಬಾಯಿ ತೆರೆದೆ.

"ಇಪ್ಪತ್ತಾರು ವರ್ಷ! ಇಪ್ಪತ್ತಾರು ವರ್ಷ ಇಂಥ ಮೂಗು ಮನೇಲೇ ಇಟ್ಕೊಂಡು, ಬೆವರು ಅಂಗಿ ಮೂಸೋಕೆ ಬಿಟ್ಟಿದ್ನಲ್ಲ ನಾನು!" ಎಂದರು.

ಮಾತಿಗೆ ತಪ್ಪುವವರಲ್ಲ ಇವರು, ಅದನ್ನು ಹೇಳಲೇಬೇಕು. ಗ್ಲಾಸು ಒರೆಸಿದ್ದು ತಾನೇ, ತಪ್ಪು ತನ್ನದೇ ಎಂದು ಒಪ್ಪಿಕೊಂಡು ಆ ಮಧ್ಯಾಹ್ನವೇ ಶೆಲ್ಫು ಕಳಚಿದರು. ಬಾಟಲಿಗಳು ನಮ್ಮ ಮಂಚದ ಕೆಳಗೆ ಹೋದವು. ಬುಧವಾರ ಒರಗು ಕುರ್ಚಿ ಬಂತು. ಗುರುವಾರ ಬಡಗಿ (ಇದು ನಿಜವಾದ ಬಡಗಿ) ಬಂದು ಒಳಗಿನಿಂದ ಚಿಲಕ ಹಾಕಿಕೊಟ್ಟ. ಶುಕ್ರವಾರ ಸಂಜೆ ಆರೂವರೆಗೆ ಒಳಗೆ ಹೋದೆ, ಚಿಲಕ ಹಾಕಿದೆ, ಪರದೆ ಎಳೆದೆ, ಕಾಲು ಚಾಚಿದೆ. ಏನು ಹೇಳಲಿ! ಯಾರೂ ಮಾತಾಡುತ್ತಿರಲಿಲ್ಲ. ಪಕ್ಕದ ಮನೆಯ ಗೋಡೆ ಕೂಡ ಆ ದಿನ ಚೆಂದ ಕಂಡಿತು. ಹನ್ನೊಂದು ನಿಮಿಷ ನಾನು ರಾಣಿಯಾಗಿದ್ದೆ.

ಹನ್ನೆರಡನೇ ನಿಮಿಷಕ್ಕೆ ಬಾಗಿಲಾಚೆ ಪಿಸುಮಾತು. ಡಾಕ್ಟರ ದನಿ, ಇವರ ದನಿ, ಗೊತ್ತಿಲ್ಲದ ಇನ್ನೊಂದು ದನಿ.

"ಬಾಗಿಲು ತಟ್ಟಬೇಡಿ, ಅವಳು ಮಲಗಿದ್ದಾಳೆ" ಎಂದರು ಇವರು.

"ತಟ್ಟಲ್ಲ ಬಿಡಿ. ಇದನ್ನ ನಾವೇ ನೋಡೋಣ. ಇದರಲ್ಲಿ ಪೇರಲೆ ಹಣ್ಣು ಬರ್ತಿದೆ, ಅಲ್ವಾ?" ಇದು ಡಾಕ್ಟರು.

"ಪೇರಲೆಯೇ. ಸ್ಪಷ್ಟವಾಗಿದೆ" ಎಂದರು ನಮ್ಮವರು.

ಬಾಗಿಲ ಸಂದಿಯಿಂದ ವಾಸನೆ ಒಳಗೆ ಬಂತು. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ಕಿವಿ ಮುಚ್ಚಿಕೊಂಡೆ. ಆದರೆ ಮೂಗು ಮುಚ್ಚಿಕೊಳ್ಳಲು ಮೂರನೇ ಕೈ ಇರಲಿಲ್ಲ. ಎಲ್ಲಿಯ ಪೇರಲೆ? ಅದು ಕಿತ್ತಳೆ ಸಿಪ್ಪೆ, ಅದರ ಹಿಂದೆ ಮೇಣ. ಕೌಂಟರಿನ ಮೇಲೆ ಡೀಸೆಲ್ ಕಲೆಯ ಅಂಗಿಯಿಟ್ಟು 'ಧೂಳು' ಎಂದು ಹೇಳಿ ಹೋದರೆ ಹೇಗಾಗುತ್ತದೋ ಹಾಗೆ ಮೈ ಪರಚಿಕೊಳ್ಳುವಂತಾಯಿತು. ತಡೆಯಲಾರದೆ ಒಳಗಿನಿಂದಲೇ ಕೂಗಿದೆ: "ಪೇರಲೆ ಅಲ್ಲ ಕಣ್ರೀ, ಕಿತ್ತಳೆ!"

ಆಚೆಯಿಂದ ಆ ಮೂರನೇ ದನಿ ಭಕ್ತಿಯಿಂದ, "ಬಾಗಿಲು ಮುಚ್ಚಿದ್ದರೂ!" ಎಂದಿತು.

ಆ ದನಿ ಡಾಕ್ಟರ ಪರಿಚಯದ, ಎಕ್ಸ್‌ರೇ ತೆಗೆಯುವವರದಂತೆ. ಮರುದಿನ ಅವರು ನಿವೃತ್ತ ಲೈಬ್ರರಿಯನ್ ಒಬ್ಬರನ್ನು ಕರೆತಂದರು. ಆ ಲೈಬ್ರರಿಯನ್ ಲಿಫ್ಟ್ ರಿಪೇರಿಯವನನ್ನು. ಎಲ್ಲರ ಕೈಯಲ್ಲೂ ಒಂದೊಂದು ಬಾಟಲಿ, ಎಲ್ಲರ ಬಾಯಲ್ಲೂ "ಒಂದೇ ನಿಮಿಷ ಅಮ್ಮಾವ್ರೇ". ಬಾಗಿಲಾಚೆ ನಿಂತು ಕೂಗಾಡಿದರೆ ಅತ್ತೆಯ ಟಿವಿಗೆ ತೊಂದರೆಯಾಗುತ್ತದೆಂದು ಅತ್ತೆಯೇ ಚಿಲಕ ತೆಗೆಸಿದರು. ಒಬ್ಬೊಬ್ಬರಾಗಿ ಒಳಗೆ ಬಂದರು. ನಿಲ್ಲಿಸಿ ಮಾತಾಡಿಸುವುದು ಸರಿಯಲ್ಲವೆಂದು ಇವರು ಐದು ಸ್ಟೂಲು ತಂದು ಹಾಕಿದರು. ಈಗ ಸಂಜೆ ಏಳಕ್ಕೆ ಆ ಹತ್ತಡಿ ಕೋಣೆಯಲ್ಲಿ ಐದು ಗಂಡಸರು ಮಂಡಿಗೆ ಮಂಡಿ ತಾಗಿಸಿ ಕೂತಿರುತ್ತಾರೆ. ನಾನು ರೇಗಿದರೆ ಇವರು ಅತ್ಯಂತ ವಿನಯದಿಂದ, "ಕೋಣೆ ನಿನ್ನದೇ ಕಣೇ, ನಾವು ಬರೀ ಅತಿಥಿಗಳು" ಅನ್ನುತ್ತಾರೆ. ಹೊರಗೆ ಹೋಗಿ ಅಂದರೆ ಹೋಗುತ್ತಾರೆ. ಹೋಗಿ ಬಾಗಿಲಾಚೆ ನಿಂತು ತಪ್ಪು ತಪ್ಪು ಹೇಳುತ್ತಾರೆ. ಅದನ್ನು ಕೇಳಿಕೊಂಡು ಒಳಗೆ ಕೂರುವುದಕ್ಕಿಂತ ಒಳಗೇ ಕರೆದು ಬೈಯುವುದು ನನಗೆ ಸುಲಭ. ಅವರಿಗೆ ಅದು ಗೊತ್ತಾಗಿಬಿಟ್ಟಿದೆ.

ಕೊನೆಗೆ ನಾನೊಂದು ದಾರಿ ಕಂಡುಕೊಂಡೆ. ಸಂಜೆ ಆರಕ್ಕೆ ಲಾಂಡ್ರಿ ಮುಚ್ಚಿ, ಮನೆಗೆ ಹೋಗದೆ ಎದುರಿನ ಸ್ಟಾಪಿನಲ್ಲಿ ಬಸ್ಸು ಹತ್ತಿದೆ. ಕೊನೇ ಸ್ಟಾಪಿಗೆ ಒಂದು ಟಿಕೆಟ್, ಅಲ್ಲಿಂದ ಅದೇ ಬಸ್ಸಿನಲ್ಲಿ ವಾಪಸ್. ಹೋಗಿ ಬರಲು ಸರಿಯಾಗಿ ಒಂದು ಗಂಟೆ. ಕಿಟಕಿ ಪಕ್ಕದ ಸೀಟು, ತಣ್ಣನೆ ಗಾಳಿ, ನನ್ನನ್ನು ಯಾರೂ ಬಲ್ಲವರಿಲ್ಲ. ಕೋಣೆಯಲ್ಲಿ ಸಿಗದ ಗಂಟೆ ಬಸ್ಸಿನಲ್ಲಿ ಸಿಕ್ಕಿತು. ಸೋಮವಾರ, ಮಂಗಳವಾರ, ಬುಧವಾರ ಮೂರೂ ದಿನ ನಾನು ಪರಮಸುಖಿ.

ಗುರುವಾರ ಪಕ್ಕದ ಸೀಟಿನಲ್ಲಿ ಒಬ್ಬರು ಬಂದು ಕುಳಿತರು. ತೊಡೆಯ ಮೇಲೆ ಚೀಲ. ಚೀಲದೊಳಗಿಂದ ಹೊಗೆ, ಅದರ ಹಿಂದೆ ಉಪ್ಪು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ಮನುಷ್ಯ ಫೋನಿನಲ್ಲಿ ಯಾರಿಗೋ, "ಸಿಕ್ತು ಕಣೋ, ಜೇನಿನ ಹಾಗೆ ಮೆತ್ತಗಿರುತ್ತಂತೆ, ಹೊಗೆ ಗಿಗೆ ಏನೂ ಇಲ್ಲವಂತೆ" ಎನ್ನುತ್ತಿದ್ದರು. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ತುಟಿ ಕಚ್ಚಿಕೊಂಡೆ. ಎರಡು ಸ್ಟಾಪು ತಡೆದೆ.

ಮೂರನೇ ಸ್ಟಾಪಿನಲ್ಲಿ, "ಹೊಗೆ ಇದೆ. ಧಾರಾಳವಾಗಿದೆ. ಮುಚ್ಚಳಾನೂ ಸರಿಯಾಗಿ ಹಾಕಿಲ್ಲ ನೀವು" ಎಂದುಬಿಟ್ಟೆ.

ಶುಕ್ರವಾರ ಬಸ್ಸಿನಲ್ಲಿ ಅಂಥ ಮೂವರಿದ್ದರು. ಈಗ ಕಂಡಕ್ಟರು ನನಗೆಂದೇ ಕಿಟಕಿ ಸೀಟು ಹಿಡಿದಿಡುತ್ತಾರೆ. ಪಕ್ಕದ ಸೀಟಿನಲ್ಲಿ ಒಬ್ಬೊಬ್ಬರಿಗೆ ಎರಡೆರಡು ಸ್ಟಾಪು, ಆಮೇಲೆ ಎದ್ದು ಮುಂದಿನವರಿಗೆ ಬಿಡಬೇಕು. ನಿನ್ನೆ ರಾತ್ರಿ ಊಟದ ಹೊತ್ತಿಗೆ ನಾನು ತಟ್ಟೆ ಕುಕ್ಕಿ, ನಾಳೆಯಿಂದ ಬಸ್ಸೂ ಬೇಡ, ಕೆರೆ ಏರಿ ಮೇಲೆ ಒಬ್ಬಳೇ ನಡೆದುಕೊಂಡು ಹೋಗುತ್ತೇನೆ ಎಂದೆ.

"ನಡೆಯೋದು ಒಳ್ಳೇದಮ್ಮಾ" ಎಂದರು ಅತ್ತೆ. "ಜೊತೆಗೆ ನಾಲ್ಕು ಜನ ಇದ್ರೆ ದಾರಿ ಸಾಗಿದ್ದೇ ಗೊತ್ತಾಗಲ್ಲ. ನಾನು ಎಲ್ಲರಿಗೂ ಹೇಳಿಡ್ತೀನಿ."